ನೀರು ಬರುವ ಮುನ್ನ

ನದಿಯ ದಂಡೆಯಲ್ಲಿ ಊರು ಕಟ್ಟಿಕೊಂಡವನು ನದಿಯೊಡನೆ ಒಂದು ಒಪ್ಪಂದ ಮಾಡಿಕೊಂಡಂತೆಯೇ ಸರಿ. ವರ್ಷದ ಬಹುಕಾಲ ನದಿಯು ಅವನಿಗೆ ಕುಡಿಯಲು ನೀರನ್ನೂ, ಹೊಲಕ್ಕೆ ಮೆಕ್ಕಲು ಮಣ್ಣನ್ನೂ, ದನಕರುಗಳಿಗೆ ಹಸಿರು ಮೇವನ್ನೂ ಕೊಡುತ್ತದೆ. ಎಲ್ಲೋ ಕೆಲವು ದಿನ, ಅದೂ ಎಲ್ಲ ವರ್ಷಗಳಲ್ಲಲ್ಲ, ಅದು ತನ್ನ ಪಾತ್ರವನ್ನು ಮೀರಿ ಬಂದು ತಾನು ಕೊಟ್ಟ ನೆಲವನ್ನು ತಾನೇ ಮರಳಿ ಕೇಳುತ್ತದೆ. ಆ ದಿನಗಳಲ್ಲಿ ಮನುಷ್ಯನು ಮಾಡಬೇಕಾದ ಕೆಲಸ ಒಂದೇ: ಹೊತ್ತು ಮೀರುವ ಮೊದಲು ದಾರಿ ಬಿಟ್ಟು ಎತ್ತರಕ್ಕೆ ಹೋಗುವುದು. ಹೇಳಲು ಸುಲಭವಾದ ಈ ಕೆಲಸವು ಮಾಡಲು ಎಷ್ಟು ಕಠಿಣವೆಂಬುದನ್ನು ಬಾಗಲಕೋಟೆ ಜಿಲ್ಲೆಯ ಜನ ಹತ್ತು ವರ್ಷಗಳ ಅಂತರದಲ್ಲಿ ಎರಡು ಸಲ ಕಂಡಿದ್ದಾರೆ. ಮೊದಲನೆಯದು 2009ರಲ್ಲಿ, ಎರಡನೆಯದು 2019ರಲ್ಲಿ.

ಈ ಜಿಲ್ಲೆಯು ಮೂರು ನದಿಗಳ ನಾಡು. ಕೃಷ್ಣೆಯು ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ ಹುಟ್ಟಿ ಬರುತ್ತಾಳೆ. ಘಟಪ್ರಭೆಯು ಸಹ್ಯಾದ್ರಿಯಿಂದ ಇಳಿದು, ಹಿಡಕಲ್ ಜಲಾಶಯವನ್ನು ದಾಟಿ, ಬಾಗಲಕೋಟೆಯ ಮಗ್ಗುಲಲ್ಲಿ ಹರಿದು ಚಿಕ್ಕಸಂಗಮದ ಬಳಿ ಕೃಷ್ಣೆಯನ್ನು ಸೇರುತ್ತಾಳೆ. ಮಲಪ್ರಭೆಯು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಸಮೀಪದ ನವಿಲುತೀರ್ಥ ಜಲಾಶಯದಲ್ಲಿ ತಂಗಿ, ಬಾದಾಮಿ ತಾಲ್ಲೂಕಿನ ಕಲ್ಲುಬೆಟ್ಟಗಳ ನಡುವೆ ಸಾಗಿ, ಪಟ್ಟದಕಲ್ಲಿನಲ್ಲಿ ಉತ್ತರವಾಹಿನಿಯಾಗಿ, ಐಹೊಳೆಯನ್ನು ಹಾಯ್ದು, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡುತ್ತಾಳೆ. ಈ ಹರಿವಿನ ಉದ್ದಕ್ಕೂ ಊರುಗಳಿವೆ; ಊರುಗಳ ಬೆನ್ನಿಗೆ ಹೊಲಗಳಿವೆ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯು ಮಳೆ ಕಡಿಮೆಯಾದ ಬಯಲುಸೀಮೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ನದಿಗಳು ಹುಟ್ಟುವ ಘಟ್ಟದಲ್ಲಾದರೋ ಇದರ ಹಲವು ಪಟ್ಟು ಮಳೆ ಸುರಿಯುತ್ತದೆ. ಆದುದರಿಂದ ಈ ನದಿಗಳು ತಾವು ಹರಿಯುವ ನೆಲದ ಮಳೆಯನ್ನಲ್ಲ, ದೂರದ ನೆಲದ ಮಳೆಯನ್ನು ಹೊತ್ತು ತರುತ್ತವೆ. ಬಾದಾಮಿಯ ರೈತನು ಆಕಾಶವನ್ನು ನೋಡಿ, ಮೋಡವಿಲ್ಲವೆಂದು ನಿಶ್ಚಿಂತನಾಗಿ ಮಲಗಿರುವಾಗಲೇ, ನೂರಾರು ಕಿಲೋಮೀಟರ್ ಆಚೆ ಬಿದ್ದ ಮಳೆಯು ಅವನ ಊರಿನತ್ತ ಪ್ರಯಾಣ ಹೊರಟಿರಬಹುದು. ಆಕಾಶವನ್ನು ಓದಲು ಬಲ್ಲ ಅನುಭವಿಯೂ ಇಂಥ ಪ್ರವಾಹದ ಮುಂದೆ ಮೋಸಹೋಗುತ್ತಾನೆ.

ಪ್ರವಾಹದ ವಾರ್ತೆಗಳಲ್ಲಿ 'ಕ್ಯೂಸೆಕ್' ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಒಂದು ಸೆಕೆಂಡಿನಲ್ಲಿ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. ಲೀಟರುಗಳಲ್ಲಿ ಹೇಳುವುದಾದರೆ ಸುಮಾರು 28 ಲೀಟರ್. ಜಲಾಶಯದಿಂದ 1 ಲಕ್ಷ ಕ್ಯೂಸೆಕ್ ನೀರು ಬಿಟ್ಟರೆಂದರೆ, ಸೆಕೆಂಡಿಗೆ 28 ಲಕ್ಷ ಲೀಟರ್ ನೀರು ಹೊರಬಿದ್ದಿತೆಂದು ಅರ್ಥ. ವಿಜ್ಞಾನವು ಇನ್ನೊಂದು ಸತ್ಯವನ್ನೂ ತಿಳಿಸುತ್ತದೆ: ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದರ ತಳ್ಳುವ ಬಲ ನಾಲ್ಮಡಿಯಾಗುತ್ತದೆ. ಆದ್ದರಿಂದಲೇ ನಿಂತ ನೀರಿನಲ್ಲಿ ಎದೆಮಟ್ಟಕ್ಕೆ ಇಳಿದು ಈಜುವ ಗಟ್ಟಿಗನೂ, ರಭಸದಿಂದ ಹರಿಯುವ ಮೊಣಕಾಲುದ್ದದ ನೀರಿನಲ್ಲಿ ನಿಲ್ಲಲಾರದೆ ಉರುಳುತ್ತಾನೆ. ಸೇತುವೆಯ ಮೇಲೆ ನೀರು ತೆಳುವಾಗಿ ಹರಿಯುತ್ತಿದೆಯೆಂದು ವಾಹನ ಇಳಿಸಿದವರು ಕೊಚ್ಚಿಹೋಗುವುದೂ ಇದೇ ಕಾರಣದಿಂದ.

2009ರ ಪ್ರವಾಹದ ಸ್ವರೂಪವೇ ಬೇರೆ. ಆ ವರ್ಷ ಮುಂಗಾರು ಕೈಕೊಟ್ಟು ಜನರು ಬರಗಾಲದ ಚಿಂತೆಯಲ್ಲಿದ್ದರು. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಆರಂಭವಾದ ಮಳೆಯು ಅಕ್ಟೋಬರ್ ತಿಂಗಳ ಮೊದಲ ದಿನಗಳವರೆಗೆ ಎಡೆಬಿಡದೆ ಉತ್ತರ ಕರ್ನಾಟಕದ ಮೇಲೆ ಸುರಿಯಿತು. ಅದು ಘಟ್ಟದ ಮಳೆಯಲ್ಲ; ಬಯಲುಸೀಮೆಯ ನೆತ್ತಿಯ ಮೇಲೆಯೇ ಬಿದ್ದ ಮಳೆ. ಕಪ್ಪುಮಣ್ಣಿನ ನೆಲವು ನೀರುಂಡು ಉಬ್ಬಿತು. ಬಿಸಿಲಿಗೆ ತಂಪನ್ನೂ ಚಳಿಗೆ ಬೆಚ್ಚನೆಯ ಆಸರೆಯನ್ನೂ ಕೊಡುತ್ತಿದ್ದ ಮಣ್ಣಿನ ಮಾಳಿಗೆಮನೆಗಳು ನೆನೆದು ಭಾರವಾಗಿ, ಮಲಗಿದ್ದವರ ಮೇಲೆ ಕುಸಿದವು. ಹಳ್ಳಕೊಳ್ಳಗಳೆಲ್ಲ ಹೊಳೆಗಳಾದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ತುಂಗಭದ್ರೆಯ ದಂಡೆಯ ಮಂತ್ರಾಲಯವೂ ಕರ್ನೂಲು ನಗರವೂ ಅದೇ ದಿನಗಳಲ್ಲಿ ನೀರಿನಲ್ಲಿ ಮುಳುಗಿದವು.

ಇಂಥ ಮಳೆಯಲ್ಲಿ ನದಿಯ ದಂಡೆಯಿಂದ ದೂರವಿರುವವರೂ ಸುರಕ್ಷಿತರಲ್ಲ. ಇಳಕಲ್ಲು, ಗುಳೇದಗುಡ್ಡಗಳಂಥ ನೇಕಾರರ ಊರುಗಳನ್ನು ನೆನೆದರೆ ಇದು ತಿಳಿಯುತ್ತದೆ. ಅಲ್ಲಿಯ ಅನೇಕ ಕೈಮಗ್ಗಗಳು ಮನೆಯ ನೆಲದಲ್ಲಿ ತೋಡಿದ ಕುಣಿಯೊಳಗೆ ಹೂಡಿದಂಥವು. ನೇಕಾರನು ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ತುಳಿಯುತ್ತ ಸೀರೆಯನ್ನು ನೇಯುತ್ತಾನೆ. ಮನೆಯೊಳಗೆ ನೀರು ಜಿನುಗಿದರೆ ಮೊದಲು ತುಂಬುವುದು ಆ ಕುಣಿಯೇ. ಹಾಸು ಹೊಕ್ಕುಗಳು ತೋಯ್ದರೆ ಸೀರೆಯೊಂದೇ ಕೆಡುವುದಿಲ್ಲ. ಮುಂದಿನ ಹಲವು ದಿನಗಳ ಅನ್ನವೂ ಕೆಡುತ್ತದೆ. ಹಳ್ಳಿಯ ರೈತನಿಗೆ ಹಗೇವಿನ ಜೋಳವೂ, ಹಿತ್ತಲಿನ ಬಣವೆಯೂ ಹೇಗೋ, ನೇಕಾರನಿಗೆ ಮಗ್ಗವೂ ಹಾಗೆಯೇ. ಇವನ್ನೆಲ್ಲ ಕಂಕುಳಲ್ಲಿ ಇರುಕಿಕೊಂಡು ಓಡಲು ಬರುವುದಿಲ್ಲ.

2019ರ ಪ್ರವಾಹವು ಆಕಾಶದಿಂದ ಬಿದ್ದುದಕ್ಕಿಂತ ಹೆಚ್ಚಾಗಿ ನದಿಯ ದಾರಿಯಿಂದ ಬಂದದ್ದು. ಆ ವರ್ಷದ ಆಗಸ್ಟ್ ತಿಂಗಳ ಮೊದಲೆರಡು ವಾರಗಳಲ್ಲಿ ಪಶ್ಚಿಮ ಘಟ್ಟದಲ್ಲಿ ಅಸಾಧಾರಣವಾದ ಮಳೆಯಾಯಿತು. ತುಂಬುವುದೇ ಅಪರೂಪವೆನಿಸಿದ್ದ ನವಿಲುತೀರ್ಥದ ಜಲಾಶಯವು ತುಂಬಿತು. ಅಣೆಕಟ್ಟಿನ ರಕ್ಷಣೆಗಾಗಿ ಬಾಗಿಲುಗಳನ್ನು ತೆರೆಯುವುದು ಅನಿವಾರ್ಯವಾಯಿತು. ವರ್ಷಗಳಿಂದ ಸಣ್ಣ ಹರಿವಾಗಿದ್ದ ಮಲಪ್ರಭೆಯ ಪಾತ್ರವು ಅಷ್ಟರಲ್ಲಿ ಎಷ್ಟೋ ಕಡೆ ಒತ್ತುವರಿಯಿಂದಲೂ ಜಾಲಿಯ ಪೊದೆಗಳಿಂದಲೂ ಕಿರಿದಾಗಿತ್ತು. ತನ್ನ ದಾರಿಯನ್ನು ಕಳೆದುಕೊಂಡ ನದಿಯು ಊರುಗಳ ದಾರಿಯನ್ನು ಹಿಡಿಯಿತು. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯು ಕೊಣ್ಣೂರಿನ ಬಳಿ ನೀರಿನಲ್ಲಿ ಮುಳುಗಿ ಸಂಚಾರ ಕಡಿಯಿತು. ಅತ್ತ ಕೃಷ್ಣೆಯಲ್ಲಿಯೂ ಮಹಾಪೂರ. ಆಲಮಟ್ಟಿ ಜಲಾಶಯದಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರನ್ನು ಹೊರಬಿಡಬೇಕಾಯಿತು. ರಾಜ್ಯದಲ್ಲಿ ಆ ಸಲ 6 ಲಕ್ಷಕ್ಕೂ ಹೆಚ್ಚು ಜನರನ್ನು ಮನೆಗಳಿಂದ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು.

ಪಟ್ಟದಕಲ್ಲು ಜಗತ್ತಿಗೆ ತಿಳಿದ ಊರು. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿಯ ದೇವಾಲಯಗಳ ಅಂಗಳಕ್ಕೆ 2019ರ ಆಗಸ್ಟಿನಲ್ಲಿ ಮಲಪ್ರಭೆಯು ನುಗ್ಗಿದಳು. ಚಾಲುಕ್ಯರ ಶಿಲ್ಪಿಗಳು ಎಂಟನೆಯ ಶತಮಾನದಲ್ಲಿ ಕಟ್ಟಿದ ಕಲ್ಲಿನ ಗುಡಿಗಳು ನೀರಿನಲ್ಲಿ ನಿಂತವು, ನೀರು ಇಳಿದ ಮೇಲೆಯೂ ನಿಂತೇ ಇದ್ದವು. ಆದರೆ ಗುಡಿಗಳ ಸುತ್ತ ಬಾಳುವ ಜನರ ಮನೆಗಳು ಕಲ್ಲಿನ ಗುಡಿಗಳಲ್ಲ. ಬಾದಾಮಿ, ಹುನಗುಂದ ತಾಲ್ಲೂಕುಗಳ ನದಿಯಂಚಿನ ಜನ ಉಟ್ಟ ಬಟ್ಟೆಯಲ್ಲಿಯೇ ಹೊರಟು ದಿಬ್ಬಗಳನ್ನು ಏರಿದರು. ಶಾಲೆಗಳಲ್ಲಿಯೂ ಕಲ್ಯಾಣಮಂಟಪಗಳಲ್ಲಿಯೂ ತೆರೆದ ಪರಿಹಾರ ಕೇಂದ್ರಗಳನ್ನು ಸೇರಿದರು. ಸೈನಿಕರೂ, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರೂ, ಅಗ್ನಿಶಾಮಕ ದಳದವರೂ ದೋಣಿಗಳಲ್ಲಿ ಬಂದು ನಡುನೀರಿನಲ್ಲಿ ಸಿಕ್ಕಿಬಿದ್ದವರನ್ನು ದಡ ಸೇರಿಸಿದರು.

ದೋಣಿ ಬಂದು ಎತ್ತಿಕೊಂಡುಹೋದ ದೃಶ್ಯವು ಚಿತ್ರಗಳಲ್ಲಿ ಉಳಿಯುತ್ತದೆ. ಅದಕ್ಕೆ ಮುನ್ನ ಮನೆಮನೆಯಲ್ಲಿ ನಡೆಯುವ ಹೋರಾಟವು ಯಾವ ಚಿತ್ರದಲ್ಲಿಯೂ ಕಾಣುವುದಿಲ್ಲ. ಮಲಪ್ರಭೆಯ ದಂಡೆಯ ಯಾವುದೋ ಒಂದು ಊರನ್ನು ಊಹಿಸಿಕೊಳ್ಳೋಣ. ಸಂಜೆಯ ಹೊತ್ತು. ಡಂಗುರದವನು ಓಣಿಯಲ್ಲಿ ಸಾರುತ್ತ ಹೋಗಿದ್ದಾನೆ. ನೀರು ಇನ್ನೂ ಊರ ಅಗಸೆಯನ್ನು ಮುಟ್ಟಿಲ್ಲ. ಒಂಬತ್ತನೆಯ ತರಗತಿಯಲ್ಲಿ ಓದುವ ಹುಡುಗಿಯೊಬ್ಬಳು ತನ್ನ ಅಜ್ಜಿಯ ಮುಂದೆ ನಿಂತಿದ್ದಾಳೆ.

"ಆಯಿ, ಏಳು. ಡ್ಯಾಮಿನ ಗೇಟ ತೆಗೆದಾರಂತ. ಕತ್ತಲಾಗೂದರಾಗ ದಿಬ್ಬ ಏರಬೇಕು."

"ನೀವು ಹೋಗ್ರಿ. ಹೊಳಿ ಅಂದ್ರ ನಮ್ಮವ್ವ ಇದ್ದಂಗ. ಈ ಅರವತ್ತು ವರ್ಷದಾಗ ಆಕಿ ಕಟ್ಟಿ ದಾಟಿ ಒಳಗ ಬಂದಾಕಿಲ್ಲ."

"ಅವ್ವನೂ ಒಮ್ಮೊಮ್ಮೆ ಸಿಟ್ಟಿಗೇಳ್ತಾಳ, ಆಯಿ."

"ಎಮ್ಮಿ ಇಂದೋ ನಾಳೆಯೋ ಈಯೂದೈತಿ. ಅದನ್ನ ಬಿಟ್ಟು ಹ್ಯಾಂಗ ಬರ್ಲಿ?"

"ಎಮ್ಮಿ ಹಗ್ಗಾ ಆಗಳೇ ಬಿಚ್ಚೀನಿ. ಅಪ್ಪ ಅದನ್ನ ದಿಬ್ಬಕ್ಕ ಹೊಡಕೊಂಡು ಹೋಗ್ಯಾನ. ಈಗ ಉಳಿದಾಕಿ ನೀ ಒಬ್ಬಾಕಿ. ಕೈ ಹಿಡಿ."

ಅಜ್ಜಿಯು ಏಳುತ್ತಾಳೆ. ಎಮ್ಮೆ ದಿಬ್ಬ ಸೇರಿತೆಂಬ ಮಾತೇ ಅವಳನ್ನು ಎಬ್ಬಿಸಿತು. ನೂರು ಉಪದೇಶಗಳು ಮಾಡಲಾರದ ಕೆಲಸವನ್ನು ಆ ಒಂದು ಮುಂಜಾಗ್ರತೆಯು ಮಾಡಿತು.

ಇಂಥ ಹೊತ್ತಿನಲ್ಲಿ ಮನೆ ಬಿಡಲು ಹಿಂಜರಿಯುವವರನ್ನು ಮೂಢರೆಂದು ಜರೆಯುವುದು ಸಲ್ಲದು. ಅವರ ಹಿಂಜರಿಕೆಗೆ ಕಾರಣಗಳಿವೆ. ಮೊದಲನೆಯದು ಅನುಭವದ ಮೇಲಿನ ನಂಬಿಕೆ. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತೋ ಅದೇ ಅದರ ಕೊನೆಯ ಗೆರೆಯೆಂದು ಮನುಷ್ಯ ತಿಳಿಯುತ್ತಾನೆ. ನದಿಗೆ ಅಂಥ ಗೆರೆಯ ಕಟ್ಟಳೆ ಇಲ್ಲ. ಎರಡನೆಯದು ಬದುಕಿನ ಆಧಾರಗಳ ಮೇಲಿನ ಮಮತೆ: ದನ, ಧಾನ್ಯ, ಬೀಜ, ಮಗ್ಗ. ಮೂರನೆಯದು ಸಂಕೋಚ. ನೆರೆಯವನು ಕುಳಿತಿರುವಾಗ ತಾನೊಬ್ಬನೇ ಗಂಟುಮೂಟೆ ಕಟ್ಟಿದರೆ ಅಂಜುಬುರುಕನೆನ್ನುತ್ತಾರೆ ಎಂಬ ಅಳುಕು. ನೆರೆಯವನೂ ಇವನನ್ನೇ ನೋಡುತ್ತ ಕುಳಿತಿರುತ್ತಾನೆ! ಹೀಗೆ ಒಬ್ಬರನ್ನೊಬ್ಬರು ನೋಡುತ್ತ ಊರೇ ಕುಳಿತಿರುವಾಗ ನೀರು ಮಾತ್ರ ಕುಳಿತಿರುವುದಿಲ್ಲ. ನಾಲ್ಕನೆಯದು, ಹೋದರೆ ಎಲ್ಲಿಗೆ ಹೋಗಬೇಕು, ಅಲ್ಲಿ ಅನ್ನವಿದೆಯೇ, ದನಗಳಿಗೆ ಜಾಗವಿದೆಯೇ, ಬಿಟ್ಟುಬಂದ ಮನೆಯನ್ನು ಕಾಯುವವರಾರು ಎಂಬ ಸಂದೇಹ. ಈ ನಾಲ್ಕಕ್ಕೂ ಮೊದಲೇ ಉತ್ತರ ಸಿದ್ಧವಾಗಿರುವ ಊರು ಅಪಾಯದ ಹೊತ್ತಿನಲ್ಲಿ ಬೇಗ ಏಳುತ್ತದೆ.

ಉತ್ತರವನ್ನು ಮೊದಲೇ ಸಿದ್ಧಪಡಿಸಿಕೊಳ್ಳುವ ವಿದ್ಯೆಯನ್ನು ಒಂದು ದೇಶವೇ ಕಲಿತಿದೆ. ಅದು ಜಪಾನ್. ಆ ನಾಡಿನ ನೆಲ ಪದೇ ಪದೇ ನಡುಗುತ್ತದೆ. ನಡುಗಿದಾಗ ಒಮ್ಮೊಮ್ಮೆ ಸಮುದ್ರವೂ ಎದ್ದುಬರುತ್ತದೆ. 1923ರ ಸೆಪ್ಟೆಂಬರ್ 1ರಂದು ಟೋಕಿಯೊ ಸೀಮೆಯಲ್ಲಿ ಸಂಭವಿಸಿದ ಭೂಕಂಪ ಮತ್ತು ಬೆಂಕಿಯಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಮಡಿದರು. ಅದರ ನೆನಪಿಗಾಗಿ 1960ರಿಂದ ಆ ದಿನವನ್ನು ವಿಪತ್ತು ನಿವಾರಣೆಯ ದಿನವೆಂದು ಆಚರಿಸಲಾಗುತ್ತಿದೆ. ಅಲ್ಲಿ ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಎಲ್ಲ ಕಡೆಗಳಲ್ಲಿಯೂ ಸ್ಥಳ ತೆರವಿನ ಅಭ್ಯಾಸ ನಡೆಯುತ್ತದೆ.

ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ಅಂಥ ಅಭ್ಯಾಸವನ್ನು ಮೊದಲ ಸಲ ನೋಡುವ ಪರದೇಶದ ವಿದ್ಯಾರ್ಥಿಗೆ ಆಶ್ಚರ್ಯವಾಗುವುದು ಅದರ ಶಾಂತತೆ. ಎಚ್ಚರಿಕೆಯ ಧ್ವನಿ ಕೇಳಿದೊಡನೆ ಎಲ್ಲರೂ ಮೇಜುಗಳ ಕೆಳಗೆ ಸರಿದು ತಲೆಯನ್ನು ಕಾಪಾಡಿಕೊಳ್ಳುತ್ತಾರೆ. ಕಂಪನ ನಿಂತಿತೆಂಬ ಸೂಚನೆ ಬಂದ ಮೇಲೆ ಲಿಫ್ಟನ್ನು ಮುಟ್ಟದೆ ಮೆಟ್ಟಿಲುಗಳಿಂದ ಇಳಿಯುತ್ತಾರೆ. ಮೊದಲೇ ಗೊತ್ತುಪಡಿಸಿದ ಬಯಲಿನಲ್ಲಿ ತಂಡತಂಡವಾಗಿ ನಿಲ್ಲುತ್ತಾರೆ. ಪ್ರಾಧ್ಯಾಪಕರೂ, ಕಚೇರಿಯ ನೌಕರರೂ, ಕಸ ಗುಡಿಸುವವರೂ ಅದೇ ಬಯಲಿನಲ್ಲಿ ನಿಂತಿರುತ್ತಾರೆ. ತಲೆಗಳ ಎಣಿಕೆಯಾಗುತ್ತದೆ. ಒಂದು ತಲೆ ಕಡಿಮೆಯಾದರೂ ಹುಡುಕುವ ಹೊಣೆ ಯಾರದೆಂಬುದು ಮೊದಲೇ ನಿಶ್ಚಿತವಾಗಿರುತ್ತದೆ. ಅನುಮತಿ ದೊರೆಯುವವರೆಗೆ ಯಾರೂ ಒಳಗೆ ಕಾಲಿಡುವುದಿಲ್ಲ. ಪುಟ್ಟ ಮಕ್ಕಳಿಗೆ ಅಲ್ಲಿ ನಾಲ್ಕು ಮಾತುಗಳನ್ನು ಬಾಯಿಪಾಠ ಮಾಡಿಸುತ್ತಾರೆ: ತಳ್ಳಬೇಡ, ಓಡಬೇಡ, ಮಾತಾಡಬೇಡ, ಹಿಂದಿರುಗಬೇಡ. ನಾಲ್ಕರಲ್ಲಿ ಅತ್ಯಂತ ಕಠಿಣವಾದುದು ಕೊನೆಯದು. ಮರೆತ ಒಂದು ವಸ್ತುವಿಗಾಗಿ ಹಿಂದಿರುಗಿ ಪ್ರಾಣ ತೆತ್ತವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

2011ರ ಮಾರ್ಚ್ 11ರ ಮಧ್ಯಾಹ್ನ ಈ ವಿದ್ಯೆಯ ನಿಜವಾದ ಪರೀಕ್ಷೆ ನಡೆಯಿತು. ಈಶಾನ್ಯ ಜಪಾನಿನ ಕಡಲಲ್ಲಿ ಮಹಾಭೂಕಂಪವಾಗಿ ದೈತ್ಯ ಅಲೆಗಳೆದ್ದವು. ಕಮಾಯಿಶಿ ಎಂಬ ನಗರದಲ್ಲಿ ಸಮುದ್ರಕ್ಕೆ ಸಮೀಪವಾಗಿ ಒಂದು ಪ್ರೌಢಶಾಲೆಯೂ ಅದರ ನೆರೆಯಲ್ಲಿ ಒಂದು ಪ್ರಾಥಮಿಕ ಶಾಲೆಯೂ ಇದ್ದವು. ಗುನ್ಮಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ತೊಶಿತಾಕಾ ಕಟಾಡಾ ಅವರು ಆ ನಗರದ ಶಾಲೆಗಳಿಗೆ ಹಲವು ವರ್ಷಗಳ ಕಾಲ ಮೂರು ಸೂತ್ರಗಳನ್ನು ಕಲಿಸಿದ್ದರು: ಪೂರ್ವಕಲ್ಪನೆಗೆ ಜೋತುಬೀಳಬೇಡ, ನಿನ್ನಿಂದಾದಷ್ಟನ್ನೂ ಮಾಡು, ಎಲ್ಲರಿಗಿಂತ ಮೊದಲು ನೀನೇ ಹೊರಡು. ನೆಲ ನಡುಗಿದ ಕೂಡಲೇ ಪ್ರೌಢಶಾಲೆಯ ಮಕ್ಕಳು ಎತ್ತರದತ್ತ ಓಡಿದರು. ಕಟ್ಟಡದ ಮೇಲಂತಸ್ತನ್ನು ಏರಿದ್ದ ಕಿರಿಯ ಮಕ್ಕಳು ಅವರನ್ನು ಕಂಡು ಕೆಳಗಿಳಿದು ಹಿಂಬಾಲಿಸಿದರು. ದೊಡ್ಡವರು ಚಿಕ್ಕವರ ಕೈ ಹಿಡಿದರು. ಗೊತ್ತುಪಡಿಸಿದ ತಾಣವನ್ನು ಸೇರಿದಾಗ ಅಲ್ಲಿಯ ಗುಡ್ಡದ ಮಣ್ಣು ಕುಸಿಯುತ್ತಿದ್ದುದನ್ನು ಕಂಡು, ಇದೂ ಸಾಲದೆಂದು ಮತ್ತಷ್ಟು ಮೇಲಕ್ಕೆ ಹೋದರು. ಆ ಎರಡೂ ಶಾಲೆಗಳನ್ನು ನೀರು ನುಂಗಿತು. ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಆ ನಗರದಲ್ಲಿ ಸುಮಾರು 3,000 ಶಾಲಾಮಕ್ಕಳ ಪೈಕಿ ಬಹುತೇಕ ಎಲ್ಲರೂ ಉಳಿದರು.

ಅದೇ ದಿನ ಅದೇ ಕರಾವಳಿಯಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಇಶಿನೊಮಾಕಿ ನಗರದ ಒಕಾವಾ ಪ್ರಾಥಮಿಕ ಶಾಲೆಯು ಸಮುದ್ರದಿಂದ ಸುಮಾರು 4 ಕಿಲೋಮೀಟರ್ ಒಳಗೆ, ನದಿಯೊಂದರ ದಂಡೆಯಲ್ಲಿತ್ತು. ಅಲೆಗಳು ಅಷ್ಟು ಒಳಗೆ ಬರುವುದಿಲ್ಲವೆಂದು ತಿಳಿದು ಆ ಶಾಲೆಯನ್ನೇ ಆಶ್ರಯತಾಣವೆಂದು ಗುರುತಿಸಿದ್ದರು. ಶಾಲೆಯ ಹಿಂದೆಯೇ ಗುಡ್ಡವಿತ್ತು. ಆದರೆ ಎಲ್ಲಿಗೆ ಹೋಗಬೇಕೆಂಬ ನಿರ್ಧಾರವಾಗದೆ ಮಕ್ಕಳು ಸುಮಾರು 50 ನಿಮಿಷ ಅಂಗಳದಲ್ಲಿಯೇ ಉಳಿದರು. ಅಲೆಯು ನದಿಯ ದಾರಿ ಹಿಡಿದು ಬಂದಿತು. 108 ಮಕ್ಕಳಿದ್ದ ಆ ಶಾಲೆಯ 74 ಮಕ್ಕಳೂ 10 ಮಂದಿ ಶಿಕ್ಷಕರು ಮತ್ತು ಸಿಬ್ಬಂದಿಯವರೂ ಅಂದು ಇಲ್ಲವಾದರು. ಇಲ್ಲಿ ಪ್ರೀತಿಯ ಕೊರತೆಯಿರಲಿಲ್ಲ, ಮಕ್ಕಳ ಜತೆಯಲ್ಲಿಯೇ ಅವರ ಗುರುಗಳೂ ಮಡಿದರು. ಕೊರತೆಯಾದುದು ಮೊದಲೇ ಮಾಡಿಟ್ಟುಕೊಂಡ ಒಂದು ನಿರ್ಧಾರ. ಒಂದೇ ಕಡಲು, ಒಂದೇ ಅಲೆ. ಫಲ ಮಾತ್ರ ಬೇರೆ.

ಈ ಎರಡು ಶಾಲೆಗಳ ಕಥೆಯನ್ನು ಕೇಳಿದ ಮೇಲೆ ಬಯಲುಸೀಮೆಯ ವಿದ್ಯಾರ್ಥಿಯು, "ನಮ್ಮಲ್ಲಿ ಸಮುದ್ರವೆಲ್ಲಿದೆ?" ಎಂದು ಕೇಳಬಹುದು. ಸಮುದ್ರವಿಲ್ಲ, ನಿಜ, ಆದರೆ ಮಲಪ್ರಭೆಯಿದೆ, ಘಟಪ್ರಭೆಯಿದೆ, ಕೃಷ್ಣೆಯಿದೆ. ಜಪಾನಿನ ಕಡಲು ಎಚ್ಚರಿಸಿ ಬರಲು ಕೊಡುವುದು ನಿಮಿಷಗಳ ಅವಧಿ. ಅಣೆಕಟ್ಟಿನಿಂದ ಹೊರಟ ನೀರು ಕೆಳಗಿನ ಊರುಗಳನ್ನು ಸೇರಲು ಗಂಟೆಗಳು ಹಿಡಿಯುತ್ತವೆ. ನಿಮಿಷಗಳಲ್ಲಿ ಮಕ್ಕಳನ್ನು ಉಳಿಸಿಕೊಂಡವರಿರುವಾಗ, ಗಂಟೆಗಳು ಕೈಯಲ್ಲಿರುವ ಊರು ಒಂದು ಜೀವವನ್ನೂ ಕಳೆದುಕೊಳ್ಳಬಾರದು.

ಅದಕ್ಕೆ ಬೇಕಾದ ಸಿದ್ಧತೆ ದೊಡ್ಡ ಹಣದ್ದಲ್ಲ. ಊರಿನ ಅತ್ಯಂತ ಎತ್ತರದ ನೆಲ ಯಾವುದು, ಅಲ್ಲಿಗೆ ನೀರು ಅಡ್ಡಬಾರದ ದಾರಿ ಯಾವುದು ಎಂಬುದನ್ನು ಬೇಸಿಗೆಯಲ್ಲಿಯೇ ನಡೆದು ನೋಡಿರಬೇಕು. ಎದ್ದು ನಡೆಯಲಾರದ ವೃದ್ಧರು, ಬಸುರಿಯರು, ಬಾಣಂತಿಯರು, ಅಂಗವಿಕಲರು ಯಾವ ಯಾವ ಮನೆಗಳಲ್ಲಿದ್ದಾರೆ, ಅವರನ್ನು ಕರೆದೊಯ್ಯುವ ಹೊಣೆ ಯಾರದು ಎಂಬುದು ಬರೆದಿಟ್ಟಿರಬೇಕು. ಪಡಿತರ ಚೀಟಿ, ಪಹಣಿ, ಆಧಾರ್ ಚೀಟಿ, ಮಕ್ಕಳ ಅಂಕಪಟ್ಟಿಗಳು ನೀರು ಹೋಗದ ಒಂದೇ ಚೀಲದಲ್ಲಿರಬೇಕು. ಹೊರಡುವಾಗ ವಿದ್ಯುತ್ತಿನ ಮುಖ್ಯ ಗುಂಡಿಯನ್ನು ಆರಿಸಬೇಕು. ದನಗಳ ಹಗ್ಗವನ್ನು ಬಿಚ್ಚಬೇಕು. ಕಟ್ಟಿದ ದನ ಗೂಟದಲ್ಲಿಯೇ ಸಾಯುತ್ತದೆ, ಬಿಚ್ಚಿದ ದನ ತನ್ನ ದಿಬ್ಬವನ್ನು ತಾನೇ ಹುಡುಕಿಕೊಳ್ಳುತ್ತದೆ. ಹರಿಯುವ ನೀರನ್ನು ಕಾಲಿನಿಂದಾಗಲಿ ಗಾಡಿಯಿಂದಾಗಲಿ ದಾಟಬಾರದು. ಸಹಾಯ ಬೇಕಾದಾಗ ಕರೆಯಬೇಕಾದ 112 ಮತ್ತು ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ 1077 ಎಂಬ ಸಂಖ್ಯೆಗಳು ಮಕ್ಕಳಿಗೂ ಬಾಯಿಗೆ ಬರುವಂತಿರಬೇಕು. ನೀರು ಇಳಿದ ಮೇಲೂ ಕುದಿಸದ ನೀರನ್ನು ಕುಡಿಯಬಾರದು. ಬಿರುಕುಬಿಟ್ಟ ಮಣ್ಣಿನ ಗೋಡೆಯ ಕೆಳಗೆ ಮಲಗಬಾರದು.

ಈ ಕಾರ್ಯದಲ್ಲಿ ವಿದ್ಯಾರ್ಥಿಗಳ ಪಾತ್ರ ಕಿರಿದಾದುದಲ್ಲ. ಡಂಗುರವನ್ನು ಹಿರಿಯರು ಕೇಳುತ್ತಾರೆ, ಆದರೆ ಮನೆಯ ಮಕ್ಕಳ ಮಾತಿಗೆ ಏಳುತ್ತಾರೆ. ಕಮಾಯಿಶಿಯಲ್ಲಿಯೂ ಓಡುವ ಮಕ್ಕಳನ್ನು ಕಂಡು ಎಷ್ಟೋ ಹಿರಿಯರು ಮನೆ ಬಿಟ್ಟು ಹೊರಟರು. ಮೊದಲು ಹೊರಡುವವನು ಅಂಜುಬುರುಕನಲ್ಲ. ಉಳಿದವರ ಸಂಕೋಚವನ್ನು ಹರಿಯುವ ಧೈರ್ಯಶಾಲಿ.

ಹೊರಟುಬರುವುದರಲ್ಲಿಯೂ ಎರಡು ಬಗೆಗಳಿವೆ. ನೆರೆ ಬಂದಾಗ ಹೊರಟವನು ನೀರು ಇಳಿದ ಮೇಲೆ ಮರಳುತ್ತಾನೆ. ಮರಳಲು ಊರೇ ಇಲ್ಲದಂತೆ ಹೊರಟವರೂ ಈ ಜಿಲ್ಲೆಯಲ್ಲಿದ್ದಾರೆ. ಆಲಮಟ್ಟಿ ಜಲಾಶಯದ ಹಿನ್ನೀರು ಏರಿದಂತೆ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳೂ ಸುತ್ತಲಿನ ಅನೇಕ ಹಳ್ಳಿಗಳೂ ಮುಳುಗಡೆಯಾದವು; ಜನರು ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಸ್ಥಳಾಂತರಗೊಂಡರು. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರು ಇಂದು ಲಕ್ಷಾಂತರ ಎಕರೆ ಹೊಲಗಳಿಗೆ ಹರಿಯುತ್ತಿದೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕಾಪಾಡಲು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಲಾಗಿದೆ. ಒಂದು ಮಂಟಪಕ್ಕೆ ಗೋಡೆ ಕಟ್ಟಬಹುದು, ಒಂದೊಂದು ಮನೆಗೂ ಕಟ್ಟಲಾಗದು. ಆದುದರಿಂದ ಮನೆಗಳೇ ಎತ್ತರಕ್ಕೆ ಸರಿಯಬೇಕಾಗುತ್ತದೆ.

2009ರ ಪ್ರವಾಹದ ಅನಂತರ 'ಆಸರೆ' ಎಂಬ ಯೋಜನೆಯಲ್ಲಿ ನದಿಯಂಚಿನ ಊರುಗಳಿಗಾಗಿ ಎತ್ತರದ ನೆಲದಲ್ಲಿ ಹೊಸ ಮನೆಗಳನ್ನು ಕಟ್ಟಲಾಯಿತು. ಕೆಲವರು ಅಲ್ಲಿಗೆ ಹೋಗಿ ನೆಲೆಸಿದರು. ಹೊಲ ದೂರವಾಯಿತೆಂದು, ದನ ಕಟ್ಟಲು ಜಾಗ ಸಾಲದೆಂದು, ಕುಟುಂಬ ದೊಡ್ಡದಾಯಿತೆಂದು ಹಲವರು ಹಳೆಯ ಊರಿನಲ್ಲಿಯೇ ಉಳಿದರು. 2019ರಲ್ಲಿ ನೀರು ಮತ್ತೆ ಅವರ ಬಾಗಿಲಿಗೆ ಬಂದಿತು. ನಾಲ್ಕು ಗೋಡೆ ಎತ್ತಿದ ಮಾತ್ರಕ್ಕೆ ಮನೆಯಾಗದು. ಎತ್ತಿಗೆ ಕೊಟ್ಟಿಗೆ, ಮಗ್ಗಕ್ಕೆ ನೆಲ, ಹೊಲಕ್ಕೆ ದಾರಿ ಇದ್ದಾಗಲೇ ಅದು ಮನೆ. ಜನರಿಗೆ 'ಬೇಗ ಏಳಿರಿ' ಎಂದು ಹೇಳುವ ಸಮಾಜಕ್ಕೆ, ಎದ್ದುಬಂದವರನ್ನು ಅವರ ಬದುಕಿನೊಡನೆ ನೆಲೆಗೊಳಿಸುವ ಋಣವೂ ಇದೆ. ಆ ಋಣ ಸಂದಾಗ ಹಿಂಜರಿಕೆ ತಾನಾಗಿಯೇ ಕಡಿಮೆಯಾಗುತ್ತದೆ.

ನದಿಯನ್ನು ಶಪಿಸಿ ಫಲವಿಲ್ಲ. ಅದು ತನ್ನ ಧರ್ಮದಂತೆ ತಗ್ಗನ್ನು ಹುಡುಕುತ್ತ ಹರಿಯುತ್ತದೆ. ಅದರ ಪಾತ್ರವನ್ನು ಅದಕ್ಕೆ ಬಿಟ್ಟುಕೊಡುವುದು, ಅದು ಬರುವ ಸುದ್ದಿಯನ್ನು ನಂಬುವುದು, ನಂಬಿದ ಕೂಡಲೇ ಹೊರಡುವುದು, ಹೊರಡುವಾಗ ನಡೆಯಲಾರದವರ ಕೈ ಹಿಡಿಯುವುದು—ಇಷ್ಟು ಮನುಷ್ಯನ ಧರ್ಮ. ಮನೆಯನ್ನು ಮತ್ತೆ ಕಟ್ಟಬಹುದು, ಬೀಜವನ್ನು ಸಾಲ ತಂದು ಬಿತ್ತಬಹುದು, ಮಗ್ಗವನ್ನು ಇನ್ನೊಮ್ಮೆ ಹೂಡಬಹುದು. ಅವನ್ನೆಲ್ಲ ಮಾಡುವ ಕೈಗಳು ದಿಬ್ಬದ ಮೇಲೆ ಕ್ಷೇಮವಾಗಿರಬೇಕು.